ಅತ್ತೆ ಕತ್ತರಿಸಿದ ಕಾಲುಂಗುರ

ನನ್ನ ಅತ್ತೆಯ ಬೆರಳುಗಳು ಬಾಳೆಯ ಸೊನೆ ಹತ್ತಿ ಹತ್ತಿ ಕಪ್ಪಾಗಿದ್ದವು. ಎಷ್ಟು ತಿಕ್ಕಿದರೂ ಬಿಡದ ಕಲೆ. ಕಮಲಾಪುರದ ತೋಟದಲ್ಲಿ ಕೆಂಪು ಬಾಳೆಯ ಗೊನೆ ಇಳಿಸುವಾಗ ಆಳುಗಳಿಗಿಂತ ಮೊದಲು ಅವರೇ ಕುಡುಗೋಲು ಹಿಡಿಯುತ್ತಿದ್ದರು. ಬಾಯಿ ಕುಡುಗೋಲಿಗಿಂತ ಹರಿತ. ಸೊಸೆಯಾಗಿ ಬಾಳಿದ ನಾನು ಹೇಳುತ್ತೇನೆ, ಆ ಬಾಯಿಂದ ಒಂದು ದಿನವೂ ಒಳ್ಳೆಯ ಮಾತು ಕೇಳಲಿಲ್ಲ.

ಗೊನೆ ಹೊತ್ತು ನಡೆದರೆ ನನಗೆ ಎದೆ ಹಿಡಿಯುತ್ತಿತ್ತು. “ಉಣ್ಣಾಕ ಕುಂತಾಗ ಬರಂಗಿಲ್ಲ ನೋಡು ನಿನ್ನ ಎದಿನೋವು” ಎನ್ನುತ್ತಿದ್ದರು. ಒಂದು ದಿನ ತೋಟದಲ್ಲೇ ಎಚ್ಚರ ತಪ್ಪಿ ಬಿದ್ದೆ. ಕಲಬುರಗಿಯ ಡಾಕ್ಟರು ಇಸಿಜಿ, ಎಕೋ ನೋಡಿ, ಸಂಶಯ ತೀರದೆ ಹೃದಯದ ಎಂಆರ್‌ಐ ಬರೆದರು. ಅದರೊಳಗೆ ಹೋಗುವಾಗ ಮೈಮೇಲೆ ಲೋಹದ ಚೂರೂ ಇರಬಾರದು. ತಾಳಿ ಬಿಚ್ಚಿ ಅರಿಷಿಣ ಕೊಂಬಿನ ದಾರ ಕಟ್ಟಿಕೊಂಡೆ. ಕಾಲುಂಗುರಗಳು ಮಾತ್ರ ಬೆರಳಿಗೆ ಕಚ್ಚಿಕೊಂಡಿದ್ದವು, ಸೋಪು ಹಚ್ಚಿದರೂ ಜಗ್ಗಲಿಲ್ಲ.

“ಮುತ್ತೈದಿ ಕಾಲುಂಗುರ ಕತ್ತರಸಬಾರದು. ಬ್ಯಾಡವ್ವಾ, ನಡಿ ಮನಿಗಿ” ಎಂದರು ನನ್ನ ಗಂಡ. ನಾನೂ ಒಪ್ಪಿದೆ. ಸಾವಿಗಿಂತ ಮಂದಿಯ ಬಾಯಿಗೆ ನಾವಿಬ್ಬರೂ ಹೆಚ್ಚು ಹೆದರಿದ್ದೆವು.

ಅತ್ತೆ ನನ್ನನ್ನು ಆಟೋದಲ್ಲಿ ಕೂರಿಸಿ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬೆಳ್ಳಿ-ಬಂಗಾರದ ಕೆಲಸ ಮಾಡುವ ಪತ್ತಾರನ ಅಂಗಡಿಗೆ ಎಳೆದೊಯ್ದರು. “ಈ ಪಾಪ ನನಗ ಬ್ಯಾಡ್ರೀ ಅಮ್ಮಾ” ಎಂದು ಅವನೂ ಹಿಂಜರಿದ. ಅವನ ಕೈಯಿಂದ ಕಟರ್ ಕಸಿದು, ನನ್ನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ನನ್ನ ಕಾಲಾಗ ಇವು ಇದ್ದಾಗೇ ನನ್ನ ಗಂಡ ಸತ್ತ. ಇವೇನ್ ಕಾಯ್ತಾವ?”

ಬೆಳ್ಳಿಯ ಜತೆ ಚರ್ಮವೂ ಒಂದಿಷ್ಟು ಹೋಯಿತು. ಅತ್ತರೆ ಗದರಿದರು.

ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟು, ಎರಡು ದೊಡ್ಡ ನಾಳಗಳ ನಡುವೆ ಸಿಕ್ಕಿಕೊಂಡಿರುವುದು ಚಿತ್ರದಲ್ಲಿ ಕಂಡಿತು. “ಇನ್ನೊಮ್ಮಿ ಗೊನಿ ಹೊತ್ತಿದ್ರ ಅಲ್ಲೇ ಮುಗೀತಿತ್ತು” ಎಂದರು ಡಾಕ್ಟರು. ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಬದುಕಿಕೊಂಡೆ.

ಮರುವರ್ಷ ನನ್ನ ಗಂಡ ಹುಮನಾಬಾದ್ ರಸ್ತೆಯಲ್ಲಿ ಲಾರಿಗೆ ಸಿಕ್ಕು ಹೋದರು. “ಕಾಲುಂಗುರ ಕತ್ತರಸ್ಯಾರಲ್ಲ, ಅದರ ಫಲ” ಎಂದು ಹೆಣದ ಎದುರೇ ಓಣಿಯ ಹೆಂಗಸರು ಪಿಸುಗುಟ್ಟಿದರು. ಅತ್ತೆ ಎದ್ದು ನಿಂತರು.

“ಕತ್ತರಿಸಿದಾಕಿ ನಾ ಇದ್ದೀನಿ. ಅನ್ನಾದಿದ್ರ ನನಗ ಅನ್ರಿ.”

ಮಂದಿ ಚದುರಿದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: “ನಿನ್ನ ಬದ್ಲಿ ಅವ ಉಳೀಬೇಕಿತ್ತು.”

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಕೊನೆಯವರೆಗೂ ನಾನೇ ಉಣಿಸಿದೆ, ಮೈ ಒರೆಸಿದೆ. ಆ ಮಾತು ತಪ್ಪಾಯಿತೆಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಈ ಜೀವ ಅವರು ಕೊಟ್ಟದ್ದು. ಕೊಟ್ಟದ್ದಕ್ಕೆ ಅವರು ಮರುಗಿದರು. ಪಡೆದದ್ದಕ್ಕೆ ನಾನು ಮರುಗುವುದಿಲ್ಲ.