ಪರದೆ ಪಕ್ಕದ ಪಿಸಕ್ಕ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಬೀದಿ ದೀಪಗಳು ಉರಿಯುತ್ತಲೇ ಇವೆ. ಹಳೆಯ ಗೋದಾಮಿನ ಕಬ್ಬಿಣದ ಬಾಗಿಲನ್ನು ಭುಜ ಕೊಟ್ಟು ದೂಡಿ ಒಬ್ಬ ಹೆಂಗಸು ಒಳಗೆ ಹೋಗುತ್ತಾರೆ. ಕಿಟಕಿಗಳನ್ನು ತೆರೆದು, ರಂಗದ ಹಲಗೆಗಳ ಮೇಲೆ ಪೊರಕೆ ಆಡಿಸಿ, ಒಂದು ಹಲಗೆಯನ್ನು ಮಾತ್ರ ಕಾಲಿನಿಂದ ಒತ್ತಿ ನೋಡುತ್ತಾರೆ. ಅದು ಕಿರ್ ಎನ್ನುತ್ತದೆ. ಮೇಣದಬತ್ತಿಯ ತುಂಡೊಂದನ್ನು ತಂದು ಸಂದಿಗೆ ಉಜ್ಜುತ್ತಾರೆ, ಮತ್ತೆ ಒತ್ತುತ್ತಾರೆ. ಹಲಗೆ ತೆಪ್ಪಗಾಗಿದೆ. ಆಮೇಲೆ ಎಡಗಡೆಯ ಪರದೆಯ ಮರೆಗೆ ಒಂದು ಸ್ಟೂಲು ಎಳೆದು, ಮೊಣಕಾಲ ಮೇಲೆ ನಾಟಕದ ಪ್ರತಿ ಇಟ್ಟುಕೊಂಡು ಕೂರುತ್ತಾರೆ.

ಇವರ ಕೆಲಸ ಮಾತು ಎತ್ತಿಕೊಡುವುದು. ರಂಗದ ಮೇಲೆ ನಿಂತವರು ಮಾತು ಮರೆತು ಕಣ್ಣು ಕಣ್ಣು ಬಿಡುವಾಗ ಮರೆಯಿಂದ ಪಿಸುದನಿಯಲ್ಲಿ ನೆನಪಿಸುವ ಪ್ರಾಂಪ್ಟರ್. ನಾಟಕದವರೆಲ್ಲ ಪ್ರೀತಿಯಿಂದ ‘ಪಿಸಕ್ಕ’ ಎನ್ನುತ್ತಾರೆ. ಮನೆಯವರು ಇಟ್ಟ ಹೆಸರಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲವಂತೆ. ಅವರು ಚೆನ್ನಾಗಿ ಕೆಲಸ ಮಾಡಿದ ದಿನ ಪರದೆಯ ಹಿಂದೆ ಒಬ್ಬರಿದ್ದರು ಎಂಬುದೇ ಜನರಿಗೆ ತಿಳಿಯುವುದಿಲ್ಲ. ಹಾಗಾಗಿ ಇಷ್ಟು ವರ್ಷದಲ್ಲಿ ಯಾವ ಪತ್ರಿಕೆಯೂ ಇವರ ಬಗ್ಗೆ ಬರೆಯದೇ ಇದ್ದದ್ದು ಒಂದು ರೀತಿಯಲ್ಲಿ ಇವರಿಗೆ ಸಿಕ್ಕ ಪ್ರಮಾಣಪತ್ರ.

ನಮ್ಮ ಊರು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ತಂಪು ಯಂತ್ರ, ಮೆತ್ತನೆ ಕುರ್ಚಿ ಇರುವ ದೊಡ್ಡ ರಂಗಮಂದಿರ ಹೊರಗಿನಿಂದ ಬರುವ ತಂಡಗಳಿಗೆ. ಊರಿನವರ ಪಾಲಿಗೆ ಈ ಗೋದಾಮು. ಇದೇ ಬೀದಿಯಲ್ಲಿ ಮುಚ್ಚಿಹೋದ ಬ್ಯಾಂಕಿನ ಕಟ್ಟಡದೊಳಗೆ ಚಿತ್ರ ಬರೆಯುವವರು ಪ್ರದರ್ಶನ ಇಡುತ್ತಾರೆ, ಅದರ ಮಹಡಿಯಲ್ಲಿ ಸಂಗೀತದ ಪಾಠ, ಎದುರಿಗೆ ಎಲ್ಲರೂ ಎಲ್ಲರನ್ನೂ ಆಡಿಕೊಳ್ಳಲು ಒಂದು ಚಹಾದಂಗಡಿ. ನಟಿಸುವವರು ಅರ್ಧ ಊರು, ನೋಡುವವರು ಇನ್ನರ್ಧ. ಎಲ್ಲರಿಗೂ ಹೊಟ್ಟೆಪಾಡಿನ ಕೆಲಸ ಬೇರೆ ಇರುವುದರಿಂದ ತಾಲೀಮು ನಡೆಯುವುದು ಬೆಳಿಗ್ಗೆ, ಕಚೇರಿಗೆ ಓಡುವ ಮೊದಲು. ಬಸ್ಸಿನ ಡ್ರೈವರು ಸಮವಸ್ತ್ರದಲ್ಲೇ ಬರುತ್ತಾರೆ. ಬ್ಯಾಂಕಿನ ಗುಮಾಸ್ತ ತಿಂಡಿ ಡಬ್ಬಿಯೊಡನೆ ಬರುತ್ತಾನೆ.

ಇವರಲ್ಲಿ ಯಾರು ಹೇಗೆ ಮರೆಯುತ್ತಾರೆ ಎಂಬುದು ಪಿಸಕ್ಕನಿಗೆ ಗೊತ್ತು. “ಡ್ರೈವರಣ್ಣ ಮಾತು ಮರೆತ್ರೆ ಗೇರ್ ಹುಡುಕ್ತಾರೆ. ಕೈ ಸುಮ್ನೆ ಪಕ್ಕಕ್ಕೆ ಹೋಗತ್ತೆ. ನಾನು ಮೊದಲ ಪದ ಹಾಕ್ತೀನಿ, ಗಾಡಿ ಹೊರಡತ್ತೆ. ಬ್ಯಾಂಕಿನ ಹುಡುಗ ಉಗುಳು ನುಂಗ್ತಾನೆ. ಎರಡು ಸಲ ನುಂಗಿದ್ರೆ ಪೂರ್ತಿ ಖಾಲಿ ಅಂತ ಅರ್ಥ.”

ಮೊದಲ ಪದ ಮಾತ್ರ ಏಕೆ, ಇಡೀ ಸಾಲನ್ನೇ ಹೇಳಿಬಿಡಬಾರದೆ ಎಂದು, ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ. “ಪೂರ್ತಿ ಹೇಳಿದ್ರೆ ಅವರು ನನ್ನ ಥರ ಹೇಳಿಬಿಡ್ತಾರೆ. ಒಂದೇ ಪದ ಕೊಟ್ರೆ ಅವರ ಥರ ಹೇಳ್ತಾರೆ. ಅದರಲ್ಲೂ ಸ, ಶ ಇರೋ ಪದ ಬಂದ್ರೆ ಹುಷಾರಾಗಿರಬೇಕು. ಸರ್ರಂತ ಮುಂದಿನ ಸಾಲಿನ ಕುರ್ಚಿಗೆ ಹೋಗಿ ಕೂತುಬಿಡತ್ತೆ.”

ತಾಲೀಮು ಮುಗಿದ ಮೇಲೆ ಗೋದಾಮಿನ ಹಿಂಬದಿಯ ಎರಡು ಕೋಣೆಯ ಮನೆಯಲ್ಲಿ ಅವರ ಇನ್ನೊಂದು ಕೆಲಸ ಶುರುವಾಗುತ್ತದೆ. ಅಲ್ಲಿ ಉದ್ದನೆಯ ಮೇಜು, ಇಸ್ತ್ರಿ ಪೆಟ್ಟಿಗೆ, ಬೀದಿಯ ಮನೆಗಳಿಂದ ಬಂದ ಬಟ್ಟೆಯ ಗಂಟುಗಳು. ಅಂಗಿಯ ತೋಳಿಗೆ ಗೆರೆ ಮೂಡಿಸುತ್ತ ನಾಟಕದ ಮಾತುಗಳನ್ನು ಬಾಯಲ್ಲಿ ತಿರುವುತ್ತಾರೆ. ಒಮ್ಮೆ ದುಃಖದ ದೃಶ್ಯದಲ್ಲಿ ಮೈಮರೆತು ಯಾರದೋ ಬಿಳಿ ಅಂಗಿಯ ಬೆನ್ನಿಗೆ ಇಸ್ತ್ರಿ ಪೆಟ್ಟಿಗೆಯ ಪೂರಾ ಅಚ್ಚು ಹಾಕಿಬಿಟ್ಟಿದ್ದರಂತೆ. ಆ ಅಂಗಿ ಈಗ ನಾಟಕದ ಪೆಟ್ಟಿಗೆಯಲ್ಲಿದೆ. ಬಡವನ ಪಾತ್ರ ಯಾರಿಗೆ ಬಂದರೂ ಅದೇ ಉಡುಪು.

ಪರದೆಯ ಹಗ್ಗ ಎಳೆಯುವವರು ಅವರ ಗಂಡ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಯಂತ್ರಗಳ ನಡುವೆ ದುಡಿದು ಕಿವಿ ಮಂದವಾಗಿದೆ. ಮಾತು ಕೇಳಿಸದು, ಆದ್ದರಿಂದ ಹೆಂಡತಿಯ ಕೈ ನೋಡಿಕೊಂಡು ಪರದೆ ಎಳೆಯುತ್ತಾರೆ. “ಊರಿಗೆಲ್ಲ ಪಿಸುಪಿಸು ಅಂತಾಳೆ, ನನ್ನ ಹತ್ರ ಮಾತ್ರ ಕೂಗಾಡ್ತಾಳೆ” ಎಂದು ಅವರ ದೂರು. ಪಿಸಕ್ಕ ಅದಕ್ಕೆ ಉತ್ತರವನ್ನು ಕೂಗಿಯೇ ಹೇಳುತ್ತಾರೆ.

ಈ ಮನೆಗೆ ಮದುವೆಯಾಗಿ ಬಂದಾಗ ಪಿಸಕ್ಕ ಒಂದು ನಾಟಕವನ್ನೂ ಕಂಡವರಲ್ಲ. ಕೈಹಿಡಿದು ಎಳೆದು ತಂದದ್ದು ಗಂಡನ ಅಕ್ಕ. ಆ ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು, ಗೋದಾಮಿನಲ್ಲಿ ಮಹಾನಟಿ. ಅವರು ರಂಗಕ್ಕೆ ಬಂದರೆ ಚಹಾದಂಗಡಿ ಖಾಲಿಯಾಗುತ್ತದೆ ಎಂದು ಊರಿನವರು ಹೇಳುವುದು ಬರೀ ಹೊಗಳಿಕೆಯಲ್ಲ. ಅಂಗಡಿಯವನೂ ಬಾಗಿಲು ಹಾಕಿಕೊಂಡು ಬಂದು ಕೂರುತ್ತಾನೆ. ತಂಡದ ಪ್ರಾಂಪ್ಟರ್ ಒಮ್ಮೆ ಜ್ವರದಿಂದ ಮಲಗಿದಾಗ ಅತ್ತಿಗೆ ತಮ್ಮನ ಹೆಂಡತಿಯ ಕೈಗೆ ಪ್ರತಿ ತುರುಕಿ, “ಓದೋಕೆ ಬರತ್ತಲ್ಲ, ಕೂತ್ಕೋ” ಎಂದರು. ಅಂದು ಕೂತವರು ಇಂದಿಗೂ ಎದ್ದಿಲ್ಲ. ಮಗಳು ಆ ಸ್ಟೂಲಿನ ಪಕ್ಕದಲ್ಲೇ ಮಲಗಿ ಬೆಳೆದಳು. ಮೆಲ್ಲಗೆ ಮಾತಾಡುವುದನ್ನೇ ಕಲಿತ ಅವಳನ್ನು ಶಾಲೆಯಲ್ಲಿ ಪುಕ್ಕಲಿ ಎಂದುಕೊಂಡಿದ್ದರು.

ಆ ಮೊದಲ ನಾಟಕ ‘ತಡವಾದ ರೈಲು’. ಒಂದು ಸಣ್ಣ ನಿಲ್ದಾಣದಲ್ಲಿ ದಿನವೂ ಬಂದು ಚಪ್ಪಲಿ ಕಳಚಿಟ್ಟು ಕೂರುವ ಮುದುಕಿಯ ಕಥೆ. ಕೊನೆಯಲ್ಲಿ ಟಿಕೆಟ್ ಕೊಡುವವನು ಕೇಳುತ್ತಾನೆ: “ಅಜ್ಜಿ, ಇಷ್ಟು ವರ್ಷ ಯಾರಿಗೆ ಕಾಯ್ತಿದ್ರಿ?” ಮುದುಕಿ ತುಂಬ ಹೊತ್ತು ಮಾತಾಡುವುದಿಲ್ಲ. ಆಮೇಲೆ, “ಯಾರಿಗೂ ಇಲ್ಲಪ್ಪ. ಇಲ್ಲಿ ಕೂತ್ರೆ ಎಲ್ಲರೂ ಬರೋದು ಕಾಣತ್ತೆ” ಎನ್ನುತ್ತಾಳೆ. ನಾಟಕ ಮುಗಿಯುತ್ತದೆ.

ಹೊಸಬರಾಗಿದ್ದ ಪಿಸಕ್ಕ ಆ ಮೌನ ಕಂಡು ಗಾಬರಿಬಿದ್ದರು. ಅತ್ತಿಗೆ ಮರೆತೇಬಿಟ್ಟರು ಎಂದುಕೊಂಡು “ಯಾರಿಗೂ” ಎಂದು ಪಿಸುಗುಟ್ಟಿದರು. ಅದು ಮುಂದಿನ ಸಾಲಿಗೆ ಕೇಳಿಸಿತು. ಅಲ್ಲಿ ಕೂತಿದ್ದ ಒಬ್ಬ ಪುಣ್ಯಾತ್ಮ ಉಪಕಾರ ಮಾಡಲೆಂದು ಜೋರಾಗಿ, “ಯಾರಿಗೂ ಅಂತೆ ನೋಡಮ್ಮ” ಎಂದ. ಇಡೀ ಗೋದಾಮು ನಕ್ಕಿತು.

“ಅತ್ತಿಗೆ ಒಳಗೆ ಬಂದು ಬೈಯಲೂ ಇಲ್ಲ” ಎಂದು ಪಿಸಕ್ಕ ನೆನೆಯುತ್ತಾರೆ. “‘ನಾನು ಮರೆತಿರಲಿಲ್ಲ ಕಣೆ, ಸುಮ್ಮನಿದ್ದೆ. ಎರಡಕ್ಕೂ ವ್ಯತ್ಯಾಸ ಕಲಿತ್ಕೋ’ ಅಂದ್ರು. ಬೈದಿದ್ರೇ ವಾಸಿಯಾಗಿತ್ತು.”

ಅವರು ಕಲಿತರು. ಅತ್ತಿಗೆ ನಿಜವಾಗಿ ಮರೆತಾಗ ಬಲಗಾಲಿನ ಹೆಬ್ಬೆರಳು ನೆಲ ಬಿಟ್ಟು ಮೇಲೇಳುತ್ತದೆ. ಬೇಕೆಂದೇ ಸುಮ್ಮನಿದ್ದಾಗ ಏಳುವುದಿಲ್ಲ. ಸ್ಟೂಲಿನ ಮೇಲೆ ಕೂತವರಿಗೆ ಕಾಣುವುದು ಹೆಚ್ಚಾಗಿ ಕಾಲುಗಳೇ. ಅಲ್ಲಿಂದ ಮುಂದೆ ಪಿಸಕ್ಕ ಒಮ್ಮೆಯೂ ತಪ್ಪಲಿಲ್ಲ. ಅತ್ತಿಗೆ ಮರೆಯುತ್ತಾರೆ ಎಂಬ ಸಂಗತಿ ಊರಿಗೆ ತಿಳಿಯಲೂ ಇಲ್ಲ.

ಕಳೆದ ವರ್ಷ ಅತ್ತಿಗೆಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಇಸ್ತ್ರಿ ಮೇಜಿನ ಪಕ್ಕದಲ್ಲೇ ಮಂಚ ಹಾಕಿ ಪಿಸಕ್ಕ ಅವರನ್ನು ನೋಡಿಕೊಂಡರು. ಲೋಟ, ಬಾಗಿಲು, ಬಿಸಿಲು ಎಂದು ಒಂದೊಂದೇ ಪದವನ್ನು ಮಗುವಿಗೆ ಕಲಿಸುವಂತೆ ಎತ್ತಿಕೊಟ್ಟರು. ನಿಧಾನವಾಗಿ ಮಾತು ಬಂತು, ಕೋಲು ಹಿಡಿದು ನಡಿಗೆ ಬಂತು. ಬಂದ ಮಾತಿನಲ್ಲಿ ಅತ್ತಿಗೆ ಮೊದಲು ಕೇಳಿದ್ದು ‘ತಡವಾದ ರೈಲು’ ಮತ್ತೆ ಯಾವಾಗ ಎಂದು. ಈಗ ನಡೆಯುತ್ತಿರುವುದು ಅದರದೇ ತಾಲೀಮು.

“ಮನೇಲಿ ನಾನು ಏನಂದ್ರೂ ಎಲ್ಲರೂ ಚೆನ್ನಾಗಿ ಮಾತಾಡ್ತೀರಿ ಅಂತಾರೆ” ಎಂದು ಅತ್ತಿಗೆ ನನಗೆ ಹೇಳುತ್ತಾರೆ. ಅವರ ತುಟಿಯ ಒಂದು ಅಂಚು ಇನ್ನೂ ಸ್ವಲ್ಪ ಇಳಿದಿದೆ, ಕಣ್ಣು ಮಾತ್ರ ಚುರುಕಾಗಿದೆ. “ಮಾತು ನಿಜವಾಗಿ ವಾಪಸ್ ಬಂದಿದೆಯೋ ಇಲ್ವೋ ಅಂತ ಅಲ್ಲಿ ನಿಂತ್ರೇನೇ ಗೊತ್ತಾಗೋದು. ಆದರೆ ಒಂದು. ಮುಂದಿನ ಸಾಲಿನಲ್ಲಿ ಒಬ್ಬರು ಪಾಪ ಅಂದ್ರೂ ನಾನು ಮತ್ತೆ ರಂಗ ಹತ್ತಲ್ಲ.”

ಸಂಕಟ ಇರುವುದು ಇಲ್ಲಿ. ಅತ್ತಿಗೆಯ ಬಲಗಾಲಿನ ಹೆಬ್ಬೆರಳು ಈಗ ಏಳುವುದಿಲ್ಲ. ಮರೆತರೂ ಏಳುವುದಿಲ್ಲ, ಮರೆಯದಿದ್ದರೂ ಏಳುವುದಿಲ್ಲ. ಕೊನೆಯ ಆ ಮೌನದಲ್ಲಿ ಅತ್ತಿಗೆ ಸುಮ್ಮನಿದ್ದಾರೋ ಮರೆತಿದ್ದಾರೋ ಎಂದು ಪಿಸಕ್ಕನಿಗೆ ತಿಳಿಯುವ ದಾರಿಯೇ ಉಳಿದಿಲ್ಲ.

ನಾನು ತಾಲೀಮು ನೋಡಿದ ಮೊದಲ ದಿನ ಅವರು ಪದ ಕೊಟ್ಟರು. ಅತ್ತಿಗೆ ಸಿಡಿಮಿಡಿಗೊಂಡರು: “ನಂಗೆ ಗೊತ್ತಿತ್ತು ಕಣೆ.” ಮರುದಿನ ಕೊಡಲಿಲ್ಲ. ಅತ್ತಿಗೆಯ ಕಣ್ಣು ಪರದೆಯ ಕಡೆ ಅಲೆಯತೊಡಗಿತು, ಕೊನೆಗೆ ಸೋತ ದನಿಯಲ್ಲಿ, “ಹೇಳೆ” ಎಂದರು. ಎಡಗೈಯಲ್ಲಿ ಏನಾದರೂ ಸನ್ನೆ ಮಾಡಿ ಎಂದು ಪಿಸಕ್ಕ ಬೇಡಿಕೊಂಡಾಗ, “ಸನ್ನೆ ಮಾಡೋದನ್ನೇ ಮರೆತ್ರೆ ಏನ್ ಮಾಡ್ತೀಯ?” ಎಂದು ಅತ್ತಿಗೆ ನಕ್ಕರು. ನಕ್ಕದ್ದು ಅವರೊಬ್ಬರೇ.

ನಾಟಕದ ನಿರ್ದೇಶಕಿ ಕಿರಿಯ ವಯಸ್ಸಿನವರು, ಗಟ್ಟಿ ಮನಸ್ಸಿನವರು. ಜನರಿಗೆ ಕೇಳಿಸದಂತೆ ಪದ ಎತ್ತಿಕೊಡಲು ಅತ್ತಿಗೆಯ ಕಿವಿಗೆ ಸಣ್ಣ ಯಂತ್ರ ಇಡೋಣ, ಇಲ್ಲವೇ ಆ ಮೌನವನ್ನೇ ಕತ್ತರಿಸೋಣ ಎಂದರು. “ನನಗೆ ನಾಟಕಕ್ಕಿಂತ ಅವರು ಮುಖ್ಯ” ಎಂದಾಗ ಅದರಲ್ಲಿ ಸುಳ್ಳಿರಲಿಲ್ಲ. ಯಂತ್ರವನ್ನು ಅತ್ತಿಗೆ ಒಂದು ಬೆಳಿಗ್ಗೆ ಹಾಕಿಕೊಂಡು ನೋಡಿ, ಕಿವಿಯೊಳಗೆ ಯಾರೋ ಬಾಡಿಗೆಗೆ ಬಂದ ಹಾಗಿದೆ ಎಂದು ಕಿತ್ತಿಟ್ಟರು. ಮೌನ ಕತ್ತರಿಸಲು ಒಪ್ಪಲೇ ಇಲ್ಲ. ನಿರ್ದೇಶಕಿ ಪಿಸಕ್ಕನ ಕಡೆ ತಿರುಗಿ, “ಅನುಮಾನ ಬಂದ ಕೂಡಲೇ ಕೊಟ್ಟುಬಿಡಿ” ಎಂದರು. ಪಿಸಕ್ಕ ಹೂಂ ಎಂದರು.

ಭಾನುವಾರ ಮಧ್ಯಾಹ್ನ ಪ್ರದರ್ಶನ. ಕುರ್ಚಿಗಳು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದಾರೆ. ನಾನು ಪಿಸಕ್ಕನ ಹಿಂದೆ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಕೂತಿದ್ದೇನೆ. ಡ್ರೈವರಣ್ಣ ಒಮ್ಮೆ ಗೇರ್ ಹುಡುಕುತ್ತಾರೆ, ಪದ ಹೋಗುತ್ತದೆ, ಗಾಡಿ ಹೊರಡುತ್ತದೆ. ನನಗೇ ಸರಿಯಾಗಿ ಕೇಳಿಸುವುದಿಲ್ಲ. ಅತ್ತಿಗೆ ಕೋಲೂರಿ ಬಂದು, ಚಪ್ಪಲಿ ಕಳಚಿಟ್ಟು ಬೆಂಚಿನ ಮೇಲೆ ಕೂರುತ್ತಾರೆ. ಒಂದೆರಡು ಕಡೆ ಮಾತು ತಡವರಿಸಿದರೂ ಅದು ಮುದುಕಿಯದೇ ತಡವರಿಕೆ ಎನ್ನಿಸುತ್ತದೆ.

ಕೊನೆಯ ದೃಶ್ಯ. ಟಿಕೆಟ್ ಕೊಡುವವನಾದ ಬ್ಯಾಂಕಿನ ಗುಮಾಸ್ತ ಕೇಳುತ್ತಾನೆ: “ಅಜ್ಜಿ, ಇಷ್ಟು ವರ್ಷ ಯಾರಿಗೆ ಕಾಯ್ತಿದ್ರಿ?”

ಅತ್ತಿಗೆ ಮಾತಾಡುವುದಿಲ್ಲ. ಜನರ ನಡುವೆ ಯಾರೋ ಕೆಮ್ಮುತ್ತಾರೆ. ಮೌನ ತಾಲೀಮಿನಲ್ಲಿ ಇದ್ದದ್ದಕ್ಕಿಂತ ಉದ್ದವಾಗುತ್ತಿದೆ. ಎದುರಿನ ಪರದೆಯ ಮರೆಯಲ್ಲಿ ನಿರ್ದೇಶಕಿ ಕೈ ಆಡಿಸುತ್ತಾರೆ: ಕೊಡಿ, ಕೊಡಿ. ಗುಮಾಸ್ತ ಒಮ್ಮೆ ಉಗುಳು ನುಂಗುತ್ತಾನೆ. ಮಾತಾಡಬೇಕಾದವನು ಅವನಲ್ಲ, ಆದರೂ ನುಂಗುತ್ತಾನೆ. ಪಿಸಕ್ಕ ಮುಂದಕ್ಕೆ ಬಾಗಿ ಉಸಿರು ಎಳೆದುಕೊಳ್ಳುತ್ತಾರೆ. ಬಾಯಿ ತೆರೆಯುತ್ತಾರೆ. ಅತ್ತಿಗೆಯ ಪಾದಗಳನ್ನು ನೋಡುತ್ತಾರೆ. ಅಲ್ಲಿ ಏನೂ ಇಲ್ಲ. ನಿಧಾನವಾಗಿ ಬಾಯಿ ಮುಚ್ಚುತ್ತಾರೆ. ಮೊಣಕಾಲ ಮೇಲಿದ್ದ ಪ್ರತಿಯನ್ನೂ ಮುಚ್ಚಿ, ಕೈ ಎರಡನ್ನೂ ಅದರ ಮೇಲಿಟ್ಟು ಕೂರುತ್ತಾರೆ.

“ಯಾರಿಗೂ ಇಲ್ಲಪ್ಪ” ಎನ್ನುತ್ತಾರೆ ಅತ್ತಿಗೆ. “ಇಲ್ಲಿ ಕೂತ್ರೆ ಎಲ್ಲರೂ ಬರೋದು ಕಾಣತ್ತೆ.”

ಪಿಸಕ್ಕನ ಕೈ ಮೇಲೇಳುತ್ತದೆ, ಗಂಡ ಹಗ್ಗ ಎಳೆಯುತ್ತಾರೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಸಾಲಿನಲ್ಲಿ ಯಾರ ಬಾಯಲ್ಲೂ ಪಾಪ ಎಂಬ ಮಾತಿಲ್ಲ. ಚಹಾದಂಗಡಿಯವನು ಕಣ್ಣೊರೆಸಿಕೊಳ್ಳುತ್ತಿದ್ದಾನೆ.

ಜನ ಕರಗಿದ ಮೇಲೆ ಅತ್ತಿಗೆ ಸ್ಟೂಲಿನ ಬಳಿ ಬಂದು ನಿಲ್ಲುತ್ತಾರೆ. “ಅತ್ತಿಗೆ, ಸುಮ್ಮನಿದ್ರಿ ಅಲ್ವಾ?” ಎಂದು ಪಿಸಕ್ಕ ಕೇಳುತ್ತಾರೆ.

“ಇಲ್ಲ ಕಣೆ. ಮರೆತೇಹೋಗಿತ್ತು” ಎನ್ನುತ್ತಾರೆ ಅತ್ತಿಗೆ. ಪಿಸಕ್ಕನ ಮುಖ ಬಿಳಿಚಿಕೊಳ್ಳುತ್ತದೆ. ಅತ್ತಿಗೆ ಅವರ ಹೆಗಲ ಮೇಲೆ ಎಡಗೈ ಇಡುತ್ತಾರೆ. “ನಾನು ಕಾದೆ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ನೀನು ಹೇಳಲಿಲ್ಲ. ಇವಳೇ ಸುಮ್ಮನಿದ್ದಾಳೆ ಅಂದ್ರೆ ನಾನು ಮರೆತಿಲ್ಲ ಅಂತ ಆಯ್ತಲ್ಲ ಅಂದ್ಕೊಂಡೆ. ಅಷ್ಟೇ, ಮಾತು ತಾನಾಗೇ ಬಂತು.”

ಇಬ್ಬರೂ ನಗತೊಡಗುತ್ತಾರೆ, ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಾರೆ. ಹಗ್ಗ ಸುತ್ತುತ್ತಿದ್ದ ಗಂಡನಿಗೆ ನಗು ಕಾಣಿಸಿದೆ, ಮಾತು ಕೇಳಿಸಿಲ್ಲ. “ಏನಂತೆ?” ಎಂದು ಕೇಳುತ್ತಾರೆ.

“ಇವತ್ತು ಅತ್ತಿಗೆಗೆ ನಾನು ಬಾಯೇ ಬಿಡಲಿಲ್ಲ ಅಂದೆ ಕಣ್ರೀ” ಎಂದು ಪಿಸಕ್ಕ ಕೂಗಿ ಹೇಳುತ್ತಾರೆ. ಆ ದನಿಗೆ ಗೋದಾಮಿನ ಆ ತುದಿಯಲ್ಲಿ ಕುರ್ಚಿ ಜೋಡಿಸುತ್ತಿದ್ದವರೆಲ್ಲ ತಿರುಗಿ ನೋಡುತ್ತಾರೆ.