ಮೀನಂಗಡಿಯ ಪುಟದಲ್ಲಿ ಒಂದು ಗಂಟೆ
ಆಗ ನನಗೆ ಅರವತ್ತೊಂಬತ್ತು; ಈ ಮಾತಿಗೆ ಮೂರು ವರ್ಷವಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೊಸೆಗೆ ಒಣ ಸೀಗಡಿಯ ವಾಸನೆ ಆಗದು, ಕೇಳಿದರೂ ತರಿಸುತ್ತಿರಲಿಲ್ಲ. ಕಣ್ಣು ಕಾಣದವರು ಅಂಗಡಿಗಳ ವೆಬ್‌ಸೈಟ್ ಬಳಸಬಲ್ಲರೇ ಎಂದು ಸಂಶೋಧನೆ ಮಾಡುವ ಹುಡುಗಿ ಸುದ್ದಗುಂಟೆಪಾಳ್ಯದ ನಮ್ಮ ಮನೆಗೆ ಬಂದಾಗ, ಇನ್ನು ಸೊಸೆಯ ಹಂಗಿಲ್ಲ ಎಂದುಕೊಂಡು ಕುಳಿತೆ. ಅವಳು ಕೈಗೆ ಕೊಟ್ಟ, ತೆರೆಯಲ್ಲಿರುವುದನ್ನು ಓದಿ ಹೇಳುವ ಫೋನು, ಮೀನಂಗಡಿಯ ಪುಟದಲ್ಲಿ ಎಲ್ಲಿ ಮುಟ್ಟಿದರೂ "ಚಿತ್ರ, ಚಿತ್ರ" ಎಂದಿತು. ಹಿಂದಕ್ಕೆ ಹೋಗಲೂ ದಾರಿ ಸಿಗಲಿಲ್ಲ.

"ಸೀಗಡಿ ಯಾವ್ದಮ್ಮ ಇದ್ರಲ್ಲಿ?"

"ನಾನು ಹೇಳಂಗಿಲ್ಲ ಅಜ್ಜಿ, ಸಂಶೋಧನೆ ಕೆಡುತ್ತೆ."

"ನನ್ನ ಸಾರು ಕೆಟ್ರೆ ಪರ್ವಾಗಿಲ್ವಾ?"

ಅವಳು ನಕ್ಕು ಏನೋ ಬರೆದುಕೊಂಡಳು. ಒಂದು ಗಂಟೆ ಆ ಪುಟದೊಳಗೇ ಸಿಕ್ಕಿಬಿದ್ದಿದ್ದೆ.

ಮರುದಿನ ಬೆಳಗ್ಗೆ ಕೋಲು ಹಿಡಿದು, ದಾರಿ ಕೇಳಿಕೊಂಡು ಮಡಿವಾಳದ ಮಾರ್ಕೆಟ್ಟಿಗೆ ಹೋಗಿ, ಮೂಸಿ ನೋಡಿ ಸೀಗಡಿ ತಂದೆ.