ಪುಟ್ಟನ ತಲೆ ಜೋಪಾನ

ಟೆನಿಸ್ ಆಡುವವರೆಲ್ಲ ಟೀವಿಯಲ್ಲಿ ಬರ್ತಾರೆ ಅಂತ ನೀವು ತಿಳಿದಿದ್ದರೆ ಆ ಭ್ರಮೆಯನ್ನು ಈಗಲೇ ಬಿಟ್ಟುಬಿಡಿ. ಭಾವ ಅರ್ಧ ಆಯಸ್ಸು ಆಡಿದ, ಒಮ್ಮೆಯೂ ಬರಲಿಲ್ಲ. ಅವನದು ಡಬಲ್ಸ್, ಅದೂ ಕೆಳದರ್ಜೆಯ ಪಂದ್ಯಾವಳಿಗಳು. ಬೇಲಿಯಾಚೆ ಯಾರದೋ ಬಟ್ಟೆ ಒಣಗುತ್ತಿರುತ್ತದೆ. ನೋಡುವವರಲ್ಲಿ ಅರ್ಧ ಜನ ತಮ್ಮ ಸರದಿಗೆ ಕಾಯುವ ಆಟಗಾರರು, ಇನ್ನರ್ಧ ನೆರಳು ಹುಡುಕಿಕೊಂಡು ಬಂದವರು. ಜೊತೆಗಾರ ಹೆಂಡತಿಯ ತಮ್ಮ. ಅವನು 'ಭಾವ, ಭಾವ' ಎಂದು ಕೂಗಿ ಕೂಗಿ, ಅಂಪೈರುಗಳಿಂದ ಹಿಡಿದು ರ್‍ಯಾಕೆಟ್ಟಿಗೆ ತಂತಿ ಬಿಗಿಯುವವನವರೆಗೆ ಎಲ್ಲರಿಗೂ ಇವನು ಭಾವನೇ ಆಗಿಬಿಟ್ಟಿದ್ದ. ಆ ತಮ್ಮನೋ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಷ್ಟು ಎತ್ತರ, ನೆತ್ತಿಯ ಕೂದಲು ಆಗಲೇ ಉದುರತೊಡಗಿದೆ. ಮನೆಯಲ್ಲಿ ಇನ್ನೂ ಪುಟ್ಟ.

ಭಾವನ ಹತ್ತಿರ ಇದ್ದ ಒಂದೇ ವಿದ್ಯೆ ಸರ್ವ್. ಬೀಸಿ ಹೊಡೆದರೆ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಪುಟ್ಟನದು ನೆಟ್ಟಿನ ಹತ್ತಿರದ ಕೆಲಸ. ಪಾಯಿಂಟು ಬಿಗಿಯಾದಾಗ ಅವನು ನಡುಗೆರೆಯ ಮೇಲೆ, ನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಬೆನ್ನ ಹಿಂದೆ ಕೈಯಿಟ್ಟು, ಎಡಕ್ಕೆ ಹಾರುತ್ತೇನೋ ಬಲಕ್ಕೋ ಎಂದು ಬೆರಳಲ್ಲಿ ಹೇಳುತ್ತಾನೆ. ಭಾವ ಹೊಡೆದ ಚೆಂಡು ಅವನ ನೆತ್ತಿಯ ಮೇಲಿಂದಲೇ ಹೋಗಬೇಕು. ಏಟಿನ ಸದ್ದು ಕೇಳಿದ ಮೇಲೆಯೇ ಅವನು ಏಳಬೇಕು. ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಜೊತೆಗಾರನ ಮೇಲೆ ನಂಬಿಕೆ ಇಲ್ಲ ಅಂತಾಗುತ್ತದೆ.

ಹೋದ ವರ್ಷ ಆ ನಂಬಿಕೆಗೇ ಪೆಟ್ಟು ಬಿತ್ತು, ಪುಟ್ಟನ ಬಲಗಿವಿಯ ಹಿಂದೆ. ಭಾವನ ಸರ್ವ್ ಬಡಿದು ಅವನು ಬೋರಲು ಬಿದ್ದ. ಎದ್ದವನು ನಕ್ಕು, "ಏನೂ ಆಗಿಲ್ಲ ಭಾವ. ಅಕ್ಕ ಮೊಟಕಿ ಮೊಟಕಿ ತಲೆ ಗಟ್ಟಿ ಮಾಡಿದ್ದಾಳೆ" ಅಂದ. ವೈದ್ಯರು ವಿಶ್ರಾಂತಿ ಹೇಳಿದರು. ಅಲ್ಲಿಗೆ ಪುಟ್ಟನಿಗೆ ಮುಗಿಯಿತು, ಭಾವನಿಗೆ ಮುಗಿಯಲಿಲ್ಲ. ಚೆಂಡು ಮೇಲಕ್ಕೆಸೆದಾಗಲೆಲ್ಲ ಆ ನೆತ್ತಿಯೇ ಕಣ್ಣಮುಂದೆ ಬರುತ್ತಿತ್ತು. ಹೊರಡುವಾಗ ಹೆಂಡತಿ 'ಗೆದ್ದು ಬನ್ನಿ' ಅನ್ನುವುದನ್ನೇ ಬಿಟ್ಟಳು. "ಪುಟ್ಟನ ತಲೆ ಜೋಪಾನ ರೀ. ನನಗಿರೋನು ಅವನೊಬ್ಬನೇ" ಅನ್ನುತ್ತಿದ್ದಳು. ಸಂಜೆ ಫೋನಿನಲ್ಲೂ ಸ್ಕೋರು ಕೇಳುತ್ತಿರಲಿಲ್ಲ, ತಲೆಯನ್ನೇ ವಿಚಾರಿಸುತ್ತಿದ್ದಳು.

ಪುಟ್ಟನಿಗೆ ಇದ್ಯಾವುದರ ಗೊಡವೆಯೂ ಇದ್ದಂತಿರಲಿಲ್ಲ. ಹೊಸದೊಂದು ಚಾಳಿ ಮಾತ್ರ ಹತ್ತಿತ್ತು. ಬಸ್ಸಿನಲ್ಲಾಗಲಿ ಊಟಕ್ಕೆ ಕೂತಾಗಾಗಲಿ ಭಾವನನ್ನು ತನ್ನ ಎಡಗಡೆಗೇ ಕೂರಿಸಿಕೊಳ್ಳುತ್ತಿದ್ದ. "ಹೃದಯ ಇರೋದು ಈ ಕಡೆ ಅಲ್ವಾ ಭಾವ, ನಿಮ್ಮ ಜಾಗ ಇಲ್ಲೇ" ಎಂದು ಹಲ್ಲು ಕಿರಿಯುತ್ತಿದ್ದ. ಈ ಪೆದ್ದ ಭಾವ ಅದಕ್ಕೆ ಖುಷಿಪಟ್ಟುಕೊಂಡು ಕೂರುತ್ತಿದ್ದ.

ಆ ದಿನದ ಪಂದ್ಯ ಸೋತರೆ ಇಬ್ಬರ ಶ್ರೇಯಾಂಕವೂ ಕುಸಿಯುತ್ತಿತ್ತು, ಮುಂದೆ ಪ್ರವೇಶ ಸಿಗುವುದೇ ಕಷ್ಟ. ಪಕ್ಕದ ಕೋರ್ಟಿನಲ್ಲೂ ಆಟ ನಡೆದಿತ್ತು, ನಡುವೆ ಒಂದು ಬಲೆ ಅಷ್ಟೇ. ಎದುರಾಳಿಗಳಿಗೆ ಗೆಲುವು ಒಂದೇ ಪಾಯಿಂಟಿನಷ್ಟು ದೂರ. ಭಾವನ ಮೊದಲ ಸರ್ವ್ ಹೆದರಿಕೆಯಲ್ಲೇ ನೆಟ್ಟಿಗೆ ಹೋಯಿತು. ಎರಡನೆಯದೂ ತಪ್ಪಿದರೆ ಪಾಯಿಂಟು ಎದುರಾಳಿಗಳದು. ಅದಕ್ಕೂ ಪುಟ್ಟ ನಡುಗೆರೆಯ ಮೇಲೇ ಕೂತ.

ಭಾವ ನೆಟ್ಟಿನವರೆಗೆ ನಡೆದುಹೋದ. "ಹಿಂದೆ ಬಾರೋ. ಬೇಡ ಈ ಆಟ."

"ಹಿಂದೆ ಬಂದ್ರೆ ಸೋತ ಹಾಗೇ. ಸುಮ್ನೆ ಹೊಡೀರಿ ಭಾವ, ನಾನಿದ್ದೀನಿ."

ನೀನಿದ್ದೀಯಲ್ಲ, ಅದೇ ನನ್ನ ಹೆದರಿಕೆ ಅಂತ ಹೇಳಬೇಕೆನಿಸಿತು. ಆದರೂ ವಾಪಸು ಬಂದು ನಿಂತ. ಬೆನ್ನ ಹಿಂದಿನ ಬೆರಳು ಬಲಕ್ಕೆ ಎಂದಿತು. ಈ ಸಲ ಅಳುಕಿದರೆ ಎಲ್ಲ ಮುಗಿದಂತೆ ಅಂದುಕೊಂಡು ಭಾವ ಚೆಂಡನ್ನು ಮೇಲಕ್ಕೆಸೆದು ಇದ್ದ ಬಲವನ್ನೆಲ್ಲ ಹಾಕಿ ರ್‍ಯಾಕೆಟ್ ಬೀಸಿದ.

ಅದು ಚೆಂಡಿಗೆ ತಾಗುವ ಮೊದಲೇ ಪಕ್ಕದ ಕೋರ್ಟಿನಲ್ಲಿ ಯಾರೋ ಸರ್ವ್ ಹೊಡೆದರು. ಟಪ್ ಎಂಬ ಸದ್ದು. ಅದನ್ನು ಕೇಳಿದ್ದೇ ತಡ, ಪುಟ್ಟ ಎದ್ದ. ಭಾವನ ರ್‍ಯಾಕೆಟ್ ಇನ್ನೂ ಗಾಳಿಯಲ್ಲಿತ್ತು. ಆ ಎತ್ತರದ ತಲೆ ನೇರ ಚೆಂಡಿನ ದಾರಿಗೇ ಬಂದು ನಿಂತಿತು. ಭಾವ ಹೇಗೋ ಮಣಿಕಟ್ಟು ತಿರುಚಿದ. ಚೆಂಡು ಭಾವನ ಕಾಲ ಬುಡದಲ್ಲೇ ನೆಲಕ್ಕೆ ಬಡಿದು ಬೇಲಿಗೆ ಹಾರಿತು. ಅಂಪೈರು ಪಂದ್ಯ ಮುಗಿಯಿತೆಂದರು.

ಭಾವ ಅಲ್ಲೇ ಕುಸಿದು ಕೂತ.

"ಯಾಕೋ ಎದ್ದೆ? ನಾನು ಹೊಡೆದೇ ಇರಲಿಲ್ಲ."

ಪುಟ್ಟ ತಲೆ ತಗ್ಗಿಸಿದ. "ಸದ್ದು ಕೇಳಿಸ್ತು. ನಿಮ್ಮದೇ ಅಂದ್ಕೊಂಡೆ." ಬಲಗಿವಿ ಮುಟ್ಟಿಕೊಂಡು ಹೇಳಿದ, "ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ ಭಾವ. ಬಲಗಿವಿ ಅವತ್ತೇ ಹೋಯ್ತು. ಹೇಳಿದ್ರೆ ನೀವು ರ್‍ಯಾಕೆಟ್ ಮುಟ್ಟುತ್ತಿರಲಿಲ್ಲ."

ಒಂದು ವರ್ಷ ಪೂರ್ತಿ. ಪ್ರತಿ ಪಂದ್ಯದಲ್ಲೂ ಇವನು ಅಂದಾಜಿನ ಮೇಲೆ ಆ ಚೆಂಡಿನ ಕೆಳಗೆ ಕೂತಿದ್ದ.

ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ಹೊರಟರು. ಪುಟ್ಟ ಮುಂದಿನ ವಾರದ ಪಂದ್ಯಾವಳಿ, ಬಸ್ಸಿನ ಸಮಯ ಅಂತ ಒಂದೇ ಸಮನೆ ಮಾತಾಡುತ್ತಿದ್ದ. ಭಾವನ ಜೇಬಿನಲ್ಲಿ ಫೋನು ರಿಂಗಾಯಿತು. ಹೆಂಡತಿ. ಅವನು ಎತ್ತಲಿಲ್ಲ. ಕೇಳಿಸುವಂತೆ ಹೇಳಲು ಹೆದರಿ, ಬೇಕೆಂದೇ ಪುಟ್ಟನ ಬಲಗಡೆಗೆ ಹೋಗಿ ಮೆಲ್ಲಗೆ ಹೇಳಿ ನೋಡಿದ, "ಇನ್ನು ನಾವು ಆಡೋದು ಬೇಡ ಕಣೋ. ನಿನ್ನ ಕಿವಿ ಹೋಗಿದ್ದು ನನ್ನಿಂದ."

ಪುಟ್ಟ ಬಸ್ಸಿನ ಮಾತನ್ನೇ ಮುಂದುವರಿಸಿದ.

ಭಾವ ನಾಲ್ಕು ಹೆಜ್ಜೆ ನಡೆದ. ಆಮೇಲೆ ಹಿಂದಿನಿಂದ ಸುತ್ತಿ ಎಡಗಡೆಗೆ ಬಂದು, ಅದೇ ಮಾತನ್ನು ಮತ್ತೊಮ್ಮೆ ಹೇಳಿದ.